ಹಳೆಯ ಕಾರು, ಘಟ್ಟದ ದಾರಿ

ಸಂಸ್ಕೃತದಲ್ಲಿ ‘ವಹ್’ ಎಂಬ ಧಾತುವಿಗೆ ಹೊರು, ಒಯ್ಯು ಎಂದು ಅರ್ಥ. ಅದರಿಂದ ಹುಟ್ಟಿದ ‘ವಾಹನ’ ಶಬ್ದದಲ್ಲಿ ಚಲನೆಯ ಭಾವವಿದೆಯೇ ಹೊರತು ನಿಲ್ಲುವುದರ ಸೂಚನೆ ಎಲ್ಲಿಯೂ ಇಲ್ಲ. ಹಳೆಯ ಕಾರು ಕೊಳ್ಳಲು ಹೊರಟವರ ಮಾತು ಕೇಳುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಎಷ್ಟು ಕಿಲೋಮೀಟರ್ ಓಡಿದೆ, ಲೀಟರಿಗೆ ಎಷ್ಟು ಕೊಡುತ್ತದೆ, ಬಣ್ಣ ಹೇಗಿದೆ, ನಾಳೆ ಮಾರಿದರೆ ಎಷ್ಟು ಬಂದೀತು ಎಂದೆಲ್ಲ ವಿಚಾರಿಸುತ್ತಾರೆ. ಬೇಕೆಂದಾಗ ನಿಲ್ಲುತ್ತದೆಯೇ ಎಂದು ಕೇಳುವವರು ವಿರಳ. ಬಯಲುಸೀಮೆಯ ನೆಟ್ಟನೆಯ ರಸ್ತೆಯಲ್ಲಿ ಈ ಪ್ರಶ್ನೆಯನ್ನು ಮರೆತರೂ ಒಂದಿಷ್ಟು ಕಾಲ ನಡೆದೀತು. ನಮ್ಮ ಕೊಡಗಿನಲ್ಲಿ ಮನೆಯ ಗೇಟು ದಾಟಿದೊಡನೆ ಏರು ಇಲ್ಲವೆ ಇಳಿಜಾರು. ಅದರ ಮೇಲೆ ವರ್ಷದ ನಾಲ್ಕೈದು ತಿಂಗಳು ಮಳೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಸಾಹಿತ್ಯಗಳನ್ನು ಓದಿದ ನನಗೆ ಈ ವಿಷಯದಲ್ಲಿ ಬರೆಯುವ ಅಧಿಕಾರವೇನೆಂದು ಓದುಗ ಬಂಧುಗಳು ಕೇಳಬಹುದು. ಶಾಸ್ತ್ರದ ಅಧಿಕಾರವಿಲ್ಲ, ಅನುಭವದ ಅಧಿಕಾರ ಸ್ವಲ್ಪ ಇದೆ. ಶನಿವಾರಸಂತೆ, ಕೊಡ್ಲಿಪೇಟೆ, ಸೋಮವಾರಪೇಟೆಗಳ ಸುತ್ತಿನ ಊರುಗಳಲ್ಲಿ ಪ್ರವಚನಕ್ಕೆ ಹೋಗಿಬರಲು 1999ರಲ್ಲಿ ಮೂರು ವರ್ಷ ಹಳೆಯದಾದ ಒಂದು ಮಾರುತಿ 800 ಕಾರನ್ನು ಕೊಂಡು, ಇಪ್ಪತ್ತು ವರ್ಷ ನಾನೇ ಓಡಿಸಿದೆ. ಆ ಕಾರಣದಿಂದ ಬಂಧುವರ್ಗದಲ್ಲಿ ಯಾರು ಹಳೆಯ ಕಾರು ನೋಡಲು ಹೊರಟರೂ ಮುಹೂರ್ತ ಕೇಳುವಂತೆ ನನ್ನನ್ನೊಮ್ಮೆ ಕೇಳುವ ವಾಡಿಕೆ ಬೆಳೆದಿದೆ.

2023ರ ಬೇಸಿಗೆಯಲ್ಲಿ ಹಾಗೆ ಕೇಳಿದವಳು ನನ್ನ ತಂಗಿಯ ಮಗಳು. ಆಕೆಗೆ ಘಟ್ಟದ ಕೆಳಗೆ, ಸಂಪಾಜೆಯ ಕಡೆಯ ಒಂದು ಪ್ರೌಢಶಾಲೆಗೆ ವರ್ಗವಾಗಿತ್ತು. ಮನೆ ಮಡಿಕೇರಿಯಲ್ಲಿ. ಮಕ್ಕಳಿಬ್ಬರೂ ಅಲ್ಲಿಯೇ ಓದುತ್ತಿದ್ದುದರಿಂದ ಮನೆ ಬದಲಿಸುವ ಹಾಗಿರಲಿಲ್ಲ. ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುವ ಇನ್ನಿಬ್ಬರು ಶಿಕ್ಷಕಿಯರು ಪೆಟ್ರೋಲಿನ ಖರ್ಚು ಹಂಚಿಕೊಳ್ಳಲು ಒಪ್ಪಿದ್ದರು. ಹೊಸ ಕಾರಿಗೆ ಸಾಲ ಮಾಡುವ ಮನಸ್ಸು ಅವಳಿಗಿರಲಿಲ್ಲ. “ಮಾವ, ಎರಡೂವರೆ ಲಕ್ಷದೊಳಗೆ ಒಂದು ಒಳ್ಳೆಯ ಗಾಡಿ ನೋಡಿಕೊಡಿ. ನಾಲ್ಕೈದು ವರ್ಷ ಓಡಿಸಿ ಮಾರಿದರೆ ಅರ್ಧವಾದರೂ ಕೈಗೆ ಬರಬೇಕು” ಎಂದಳು. ದಿನಕ್ಕೊಮ್ಮೆ ಘಟ್ಟ ಇಳಿಯಬೇಕು, ಒಮ್ಮೆ ಹತ್ತಬೇಕು. ಒಳಗೆ ಮೂವರು ತಾಯಂದಿರು. ಆ ಮಾತು ಕೇಳಿದಾಗ ನನ್ನ ಮನಸ್ಸು ಬೆಲೆಯ ಕಡೆಗೆ ಹೋಗಲಿಲ್ಲ.

ಯಾವ ಕಾರು ಎಂಬುದರಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗ್ರಾಹಕರಿಗೆ ಕೀಲಿಕೈ ಒಪ್ಪಿಸಿದ ಆ ಪುಟ್ಟ ಮಾರುತಿ 800, ಮೂವತ್ತು ವರ್ಷ ನಡೆದು 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿತು. ಅದರ ಸ್ಥಾನಕ್ಕೆ ಬಂದ ಆಲ್ಟೊ 2000ದಲ್ಲಿ, ಅದರ ಹೊಸ ರೂಪವಾದ ಆಲ್ಟೊ 800 ಎಂಬುದು 2012ರಲ್ಲಿ ಬಂದವು. ಈ ಎರಡನೆಯದರ ತಯಾರಿಕೆಯೂ 2023ರಲ್ಲಿ ನಿಂತಿತು. ನಿಂತರೂ ಬಿಡಿಭಾಗ ಸಿಗದೆಂಬ ಭಯವಿಲ್ಲ. ಸಣ್ಣ ಪೇಟೆಯ ಅಂಗಡಿಯಲ್ಲಿಯೂ ಇವುಗಳ ಬ್ರೇಕ್ ಶೂ ದೊರೆಯುತ್ತದೆ, ಗೋಣಿಕೊಪ್ಪಲಿನಲ್ಲಿ ಕೆಟ್ಟರೂ ಕೊಡ್ಲಿಪೇಟೆಯಲ್ಲಿ ಕೆಟ್ಟರೂ ಬಿಚ್ಚಿ ಕೂಡಿಸಬಲ್ಲ ಕೈಗಳಿವೆ. ಹಳೆಯ ಕಾರಿನ ಬೆಲೆ ಉಳಿಯುವುದಕ್ಕೆ ಇದೇ ದೊಡ್ಡ ಕಾರಣ. ವಿಮೆಯವರ ಲೆಕ್ಕದಲ್ಲಿ ಐದು ವರ್ಷ ತುಂಬುವ ಹೊತ್ತಿಗೆ ಯಾವ ಕಾರಾದರೂ ಅರ್ಧ ಬೆಲೆಗೆ ಇಳಿಯುತ್ತದೆ. ಪೇಟೆಯ ಲೆಕ್ಕದಲ್ಲಿ ಎಲ್ಲರೂ ಬಲ್ಲ ಸಣ್ಣ ಕಾರು ಅಷ್ಟು ಬೇಗ ಇಳಿಯುವುದಿಲ್ಲ, ಅಪರೂಪದ ಕಾರು ಅದಕ್ಕಿಂತ ಬೇಗ ಇಳಿಯುತ್ತದೆ.

ಆದರೆ ಎಲ್ಲಿಂದ ಬಂದ ಕಾರು ಎಂಬ ಪ್ರಶ್ನೆ ಇದ್ದೇ ಇದೆ. ದೆಹಲಿಯ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್ ಹಾಗೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳಿಗೆ ಹಸಿರು ನ್ಯಾಯಮಂಡಳಿ ಹಾಕಿದ ನಿರ್ಬಂಧವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಮೇಲೆ, ಅಲ್ಲಿನ ಕಾರುಗಳು ಅಗ್ಗವಾಗಿ ಬೇರೆ ರಾಜ್ಯಗಳಿಗೆ ಹರಿದುಬಂದವು. ನಮ್ಮ ಗಡಿಯಾಚೆಯ ಕೇರಳದ ಕಾರುಗಳೂ ಆಸೆ ಹುಟ್ಟಿಸುತ್ತವೆ. ಹೊರರಾಜ್ಯದ ಕಾರಿಗೆ ಅಲ್ಲಿನ ಎನ್.ಓ.ಸಿ. ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಬೇಕು, ಜೀವಾವಧಿ ತೆರಿಗೆಯನ್ನು ಕರ್ನಾಟಕದ ಲೆಕ್ಕದಲ್ಲಿ ತೆರಬೇಕು. ಅಗ್ಗವೆಂದುಕೊಂಡದ್ದು ಅಷ್ಟರಲ್ಲಿ ಸಮವಾಗಿರುತ್ತದೆ. ಇನ್ನೊಂದು ಎಚ್ಚರಿಕೆ ನಮ್ಮ ಜಿಲ್ಲೆಯದೇ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ನೆರೆಯಲ್ಲಿ ಮುಳುಗಿ ಎದ್ದ ಕಾರು ತೊಳೆದು ಒರೆಸಿದ ಮೇಲೆ ಸುಂದರವಾಗಿಯೇ ಕಾಣುತ್ತದೆ. ನೆಲದ ಹಾಸನ್ನು ಎತ್ತಿ ಅಡಿಯಲ್ಲಿ ಸಣ್ಣ ಕೆಸರಿನ ಪದರವಿದೆಯೇ, ಸೀಟು ಸರಿಯುವ ಕಬ್ಬಿಣದ ಹಳಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಬೇಕು. ಸುಗಂಧದ್ರವ್ಯ ಅತಿಯಾಗಿ ಸಿಂಪಡಿಸಿದ ಕಾರನ್ನು ನಾನು ಮೊದಲೇ ಅನುಮಾನಿಸುತ್ತೇನೆ.

ಹುಡುಕಾಟದ ಕೊನೆಗೆ ಎರಡು ಆಲ್ಟೊಗಳು ಉಳಿದವು. ಒಂದು 2017ರದು, ಮೈಸೂರಿನ ಒಂದು ಹಳೆಯ ಕಾರುಗಳ ಅಂಗಡಿಯದು. ಕೆಂಪು ಬಣ್ಣ, ಹೊಸ ಸೀಟಿನ ಹೊದಿಕೆ, ಹಾಡಿನ ಪೆಟ್ಟಿಗೆ, ಮೀಟರಿನಲ್ಲಿ ಮೂವತ್ತೆಂಟು ಸಾವಿರ ಕಿಲೋಮೀಟರ್. ಹೇಳಿದ ಬೆಲೆ ಎರಡು ಲಕ್ಷ ಅರವತ್ತು ಸಾವಿರ, ಇನ್ನೂ ಇಳಿಸುವ ಸೂಚನೆಯಿತ್ತು. ಮತ್ತೊಂದು 2015ರದು, ಸೋಮವಾರಪೇಟೆಯ ನಿವೃತ್ತ ಬ್ಯಾಂಕ್ ನೌಕರರೊಬ್ಬರದು, ಕೆಎ 12ರ ನೋಂದಣಿ. ಬಣ್ಣ ಮಾಸಿತ್ತು. ಹಿಂದಿನ ಬಂಪರಿಗೆ ಗೇಟು ತಗುಲಿದ ಗೀರು ಹಾಗೆಯೇ ಇತ್ತು. ಅರವತ್ತೊಂದು ಸಾವಿರ ಓಡಿತ್ತು. ಬೆಲೆ ಎರಡು ಲಕ್ಷ ನಲವತ್ತು ಸಾವಿರ. ಒಂದು ರೂಪಾಯಿಯೂ ಇಳಿಸುವುದಿಲ್ಲವೆಂದರು. ಅವರ ಬಳಿ ಒಂದು ಹಳೆಯ ನೋಟುಪುಸ್ತಕವಿತ್ತು. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನನ್ನು ಬದಲಿಸಿದ್ದು, ಎಷ್ಟು ಕೊಟ್ಟದ್ದು ಎಂದು ಬ್ಯಾಂಕಿನ ಲೆಡ್ಜರಿನಂತೆ ಬರೆದಿಟ್ಟಿದ್ದರು. ಮನೆಮಂದಿಗೆಲ್ಲ ಕೆಂಪು ಕಾರೇ ಹಿಡಿಸಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಮಕ್ಕಳು ಅದರೊಳಗೆ ಕುಳಿತು ಹಾಡು ಹಾಕಿಯೂ ಆಗಿತ್ತು.

ಎರಡನ್ನೂ ನನ್ನ ಪರಿಚಯದ ಮೆಕ್ಯಾನಿಕರ ಗ್ಯಾರೇಜಿಗೆ ತರಿಸಿದೆ. ಕಣ್ಣೂರಿನ ಕಡೆಯಿಂದ ಬಂದು ನಮ್ಮಲ್ಲಿ ನೆಲೆಸಿ ಮೂವತ್ತು ವರ್ಷವಾದವರು. ಕಾಯಕ ಎಂಬ ಶಬ್ದವನ್ನು ಅವರೆದುರು ನಾನು ಎಂದೂ ವಿವರಿಸಿಲ್ಲ, ವಿವರಿಸಬೇಕಾದ ಪ್ರಮೇಯವೂ ಬಂದಿಲ್ಲ. ಅವರು ಬಾನೆಟ್ಟು ಎತ್ತುವ ಮೊದಲು ಚಾಲಕನ ಸೀಟಿನ ಬಾಗಿಲು ತೆರೆದು ಬಗ್ಗಿ ಬ್ರೇಕ್ ಪೆಡಲನ್ನು ನೋಡಿದರು. ಕೆಂಪು ಕಾರಿನ ಪೆಡಲಿನ ರಬ್ಬರು ಸವೆದು ನುಣುಪಾಗಿ, ಒಂದು ಅಂಚಿನಲ್ಲಿ ಕಬ್ಬಿಣ ಇಣುಕುತ್ತಿತ್ತು. “ಮೂವತ್ತೆಂಟು ಸಾವಿರಕ್ಕೆ ಇದು ಇಷ್ಟು ಸವೆಯುವುದಿಲ್ಲ, ಶಾಸ್ತ್ರಿಗಳೇ” ಎಂದಷ್ಟೇ ಹೇಳಿದರು.

ಆಮೇಲೆ ಅವರು ಮಾಡಿದ ಪರೀಕ್ಷೆಗಳನ್ನು ಇಲ್ಲಿ ಬರೆಯುವುದರಿಂದ ಯಾರಿಗಾದರೂ ಪ್ರಯೋಜನವಾದೀತು. ಇವುಗಳಲ್ಲಿ ಹೆಚ್ಚಿನವನ್ನು ಯಾವ ಉಪಕರಣವೂ ಇಲ್ಲದೆ ಮನೆಯಂಗಳದಲ್ಲಿಯೇ ಮಾಡಬಹುದು. ಪೆಡಲನ್ನು ಒತ್ತಿದಾಗ ಅದು ಗಟ್ಟಿಯಾಗಿ ನಿಲ್ಲಬೇಕು. ಹತ್ತಿಯ ಮೂಟೆ ಒತ್ತಿದಂತೆ ಮೆತ್ತಗಿದ್ದರೆ ಕೊಳವೆಯೊಳಗೆ ಗಾಳಿ ಸೇರಿದೆ. ಒತ್ತಿ ಹಿಡಿದಾಗ ಅರ್ಧ ನಿಮಿಷದಲ್ಲಿ ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಮಾಸ್ಟರ್ ಸಿಲಿಂಡರ್ ಸೋಲುತ್ತಿದೆ, ಇಲ್ಲವೆ ಎಲ್ಲೋ ಸೋರಿಕೆಯಿದೆ. ಇಂಜಿನ್ ನಿಲ್ಲಿಸಿ ನಾಲ್ಕೈದು ಬಾರಿ ಒತ್ತಿ, ಕಾಲು ತೆಗೆಯದೆ ಇಂಜಿನ್ ಚಾಲೂ ಮಾಡಿದಾಗ ಪೆಡಲು ತುಸು ಕೆಳಗೆ ಹೋದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ನಿರ್ಜನ ರಸ್ತೆಯಲ್ಲಿ ಮೂವತ್ತರ ವೇಗದಲ್ಲಿ ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆದರೆ ಯಾವುದೋ ಒಂದು ಚಕ್ರದ ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲ, ಇಲ್ಲವೆ ಬಿಡುತ್ತಿಲ್ಲ. ಸ್ಟಿಯರಿಂಗ್ ನಡುಗಿದರೆ ಡಿಸ್ಕು ಸಮವಾಗಿಲ್ಲ. ಹ್ಯಾಂಡ್ ಬ್ರೇಕನ್ನು ಏರಿನಲ್ಲಿ ಪರೀಕ್ಷಿಸಬೇಕು. ಅದಕ್ಕಾಗಿ ಏರು ಹುಡುಕಿಕೊಂಡು ಹೋಗುವ ತೊಂದರೆ ನಮಗಿಲ್ಲ.

ಕೆಂಪು ಕಾರಿನ ಪೆಡಲು ಮೆತ್ತಗಿತ್ತು. ಬ್ರೇಕ್ ಆಯಿಲಿನ ಡಬ್ಬಿ ನೋಡಿದರೆ ಕಂಠಪೂರ್ತಿ ತುಂಬಿತ್ತು, ಆಯಿಲು ತಿಳಿಯಾಗಿಯೂ ಇತ್ತು. ಮೆಕ್ಯಾನಿಕ್ ಜಾಕ್ ಕೊಟ್ಟು ಹಿಂದಿನ ಚಕ್ರ ಬಿಚ್ಚಿ ಡ್ರಮ್ ತೆಗೆದರು. ವೀಲ್ ಸಿಲಿಂಡರಿನಿಂದ ಆಯಿಲು ಜಿನುಗಿ, ಶೂಗಳ ಲೈನರ್ ಪೂರ್ತಿ ನೆನೆದು, ಧೂಳಿನೊಡನೆ ಕಲೆತು ಕರಿಯ ಮೇಣದಂತಾಗಿತ್ತು. ಮುಂದಿನ ಡಿಸ್ಕುಗಳ ಮೇಲೆ ಬೆರಳಿಗೆ ಸಿಗುವಷ್ಟು ಆಳದ ಗೀರುಗಳು. ಪ್ಯಾಡುಗಳು ಸವೆದು ಕಬ್ಬಿಣ ಡಿಸ್ಕಿಗೆ ತಾಗಿದ ಗುರುತು. ಸೋರಿಕೆ ಇದೆಯೆಂದು ಬಲ್ಲವರು ಯಾರೋ ಸೋರಿಕೆಯನ್ನು ಹಾಗೆಯೇ ಬಿಟ್ಟು, ಮೇಲಿನ ಡಬ್ಬಿಯನ್ನು ಮಾತ್ರ ತುಂಬಿ ಕೊಟ್ಟಿದ್ದರು. ನೋಟುಪುಸ್ತಕದ ಕಾರಿನ ಡ್ರಮ್ಮಿನಲ್ಲಿ ಒಣ ಧೂಳು ಬಿಟ್ಟರೆ ಬೇರೇನಿರಲಿಲ್ಲ. ಅದರ ಮುಂದಿನ ಪ್ಯಾಡುಗಳು ಅರ್ಧದಷ್ಟು ಉಳಿದಿದ್ದವು. ಏಳು ತಿಂಗಳ ಹಿಂದೆ ಹಾಕಿಸಿದ್ದೆಂದು ಪುಸ್ತಕದಲ್ಲಿತ್ತು.

ಅಂದು ಸಂಜೆ ಮನೆಯಲ್ಲಿ ನಡೆದ ಮಾತು ಸುಲಭವಾಗಿ ಮುಗಿಯಲಿಲ್ಲ. ನನ್ನ ತಂಗಿಯ ಅಳಿಯಂದಿರು ಲೆಕ್ಕ ಬಲ್ಲವರು. “ಮಾವ, ಬ್ರೇಕು ಪೂರ್ತಿ ಹೊಸದು ಮಾಡಿಸಿದರೂ ಎಂಟು ಹತ್ತು ಸಾವಿರ. ಅಷ್ಟನ್ನು ಬೆಲೆಯಲ್ಲಿಯೇ ಇಳಿಸಿಕೊಳ್ಳೋಣ. ಎರಡು ವರ್ಷ ಹೊಸ ಗಾಡಿ ಸಿಗುತ್ತದೆ. ಮುಂದೆ ಮಾರುವಾಗ 2017 ಎಂದು ಹೇಳಿದರೆ 2015ಕ್ಕಿಂತ ಹೆಚ್ಚು ಬರುತ್ತದಲ್ಲವೆ?” ಎಂದರು. ಅವರ ಲೆಕ್ಕದಲ್ಲಿ ದೋಷವಿರಲಿಲ್ಲ. ಪೇಟೆಯಲ್ಲಿ ಕಾರಿನ ವಯಸ್ಸಿಗೆ ಬೆಲೆಯುಂಟು, ಬಣ್ಣಕ್ಕೆ ಬೆಲೆಯುಂಟು, ಹಾಡಿನ ಪೆಟ್ಟಿಗೆಗೂ ಒಂದಿಷ್ಟು ಉಂಟು. ಬ್ರೇಕಿಗೆ ಹಾಕಿದ ಹಣವನ್ನು ಕೊಳ್ಳುವವರು ಯಾರೂ ಹಿಂದಿರುಗಿಸುವುದಿಲ್ಲ. ಚೆನ್ನಾಗಿದ್ದರೆ ಅದಕ್ಕಾಗಿ ಸಾವಿರ ರೂಪಾಯಿ ಹೆಚ್ಚು ಕೊಡರು, ಕೆಟ್ಟಿದ್ದರೆ ಬಹುಮಂದಿಗೆ ತಿಳಿಯದು. ಆದುದರಿಂದಲೇ ಮಾರಲು ಹೊರಟವನು ಬಣ್ಣಕ್ಕೆ ಖರ್ಚು ಮಾಡುತ್ತಾನೆ, ಬ್ರೇಕಿಗೆ ಮಾಡುವುದಿಲ್ಲ.

ನಾನು ಹೇಳಿದ್ದು ಇಷ್ಟೆ: ಹತ್ತು ಸಾವಿರದಲ್ಲಿ ಬ್ರೇಕು ಸರಿಯಾಗುತ್ತದೆ, ನಿಜ. ಆದರೆ ಕಾಲ ಕೆಳಗಿನ ಪೆಡಲು ಮೆತ್ತಗಾದುದನ್ನು ತಿಂಗಳುಗಟ್ಟಲೆ ಲೆಕ್ಕಿಸದೆ ಓಡಿಸಿದವನು ಇಂಜಿನ್ ಆಯಿಲನ್ನು ಕಾಲಕ್ಕೆ ಸರಿಯಾಗಿ ಬದಲಿಸಿದ್ದಾನೆಂದು ಹೇಗೆ ನಂಬುವುದು? ಮೀಟರಿನ ಅಂಕೆಯನ್ನು ಪೆಡಲಿನ ರಬ್ಬರೇ ಅಲ್ಲಗಳೆಯುತ್ತಿರುವಾಗ ಉಳಿದ ಮಾತುಗಳನ್ನು ಯಾವ ಆಧಾರದ ಮೇಲೆ ಒಪ್ಪುವುದು? ಬ್ರೇಕು ಕಾರಿನ ಒಂದು ಭಾಗ ಮಾತ್ರವಲ್ಲ, ಹಿಂದಿನ ಒಡೆಯನು ಅದನ್ನು ಹೇಗೆ ನಡೆಸಿಕೊಂಡನೆಂಬುದರ ಸಾಕ್ಷಿಯೂ ಹೌದು. ಅವರು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ. ತೀರ್ಮಾನ ಮಾಡಿದವಳು ನನ್ನ ಸೊಸೆಯೇ. ದಿನವೂ ಅದನ್ನು ಇಳಿಜಾರಿನಲ್ಲಿ ಓಡಿಸುವವಳು ತಾನೆಂದು ಹೇಳಿ ಮಾಸಿದ ಬಣ್ಣದ ಕಾರಿಗೆ ಮುಂಗಡ ಕೊಟ್ಟಳು.

ಒಂದು ವಿಷಯದಲ್ಲಿ ಮಾತ್ರ ಅಳಿಯಂದಿರ ‘ಹೊಸ ಗಾಡಿ’ಯ ವಾದಕ್ಕೆ ನಾನು ಪೂರ್ತಿ ಬೆಂಬಲ ಕೊಡುತ್ತಿದ್ದೆ. 2019ರ ಏಪ್ರಿಲ್‌ನಿಂದೀಚೆಗೆ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಿಗೆ ಎ.ಬಿ.ಎಸ್. ಕಡ್ಡಾಯ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕನ್ನು ಒಮ್ಮೆಲೇ ತುಳಿದರೂ ಚಕ್ರಗಳು ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ ಅದು. ಜಾರದಿದ್ದರೆ ಸ್ಟಿಯರಿಂಗ್ ತಿರುಗಿಸಲು ಅವಕಾಶ ಉಳಿಯುತ್ತದೆ. ಹಣ ಒದಗುವುದಾದರೆ ಆ ತಿಂಗಳ ನಂತರದ ಕಾರನ್ನೇ ಹುಡುಕುವುದು ಮಲೆನಾಡಿನವರಿಗೆ ಒಳ್ಳೆಯದು. 2017 ಮತ್ತು 2015ರ ನಡುವೆ ಆ ಬಗೆಯ ವ್ಯತ್ಯಾಸವಿರಲಿಲ್ಲ.

ಘಟ್ಟದಲ್ಲಿ ಬ್ರೇಕು ಎಷ್ಟು ಕೆಲಸ ಮಾಡುತ್ತದೆಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸಂಪಾಜೆಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನ ದಾರಿಯಲ್ಲಿ ಸುಮಾರು ಸಾವಿರ ಮೀಟರ್ ಇಳಿಯುತ್ತೇವೆ. ನಾಲ್ವರು ಕುಳಿತ ಸಣ್ಣ ಕಾರಿನ ಒಟ್ಟು ಭಾರ ಒಂದು ಟನ್ನಿಗೆ ಹತ್ತಿರ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, ಬಚ್ಚಲ ಹಂಡೆಯ ಮೂವತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಅದರಲ್ಲಿ ಒಂದು ಪಾಲನ್ನು ಗಾಳಿ ಮತ್ತು ಟೈರುಗಳು ತಿನ್ನುತ್ತವೆ. ಉಳಿದದ್ದನ್ನು ಇಂಜಿನ್ನು ಹೊರಬೇಕು, ಇಲ್ಲವೆ ಬ್ರೇಕು ಹೊರಬೇಕು. ಇಂಜಿನ್ನಿಗೆ ಕೊಡದೆ ನ್ಯೂಟ್ರಲಿನಲ್ಲಿ ಇಳಿಯುವವರು ಎಲ್ಲವನ್ನೂ ಅಂಗೈಯಗಲದ ಪ್ಯಾಡುಗಳ ಮೇಲೆ ಹೊರಿಸುತ್ತಾರೆ. ಸುಟ್ಟ ವಾಸನೆ ಬರತೊಡಗಿದರೆ ಅವು ಹಿಡಿತ ಕಳೆದುಕೊಳ್ಳುತ್ತಿವೆ ಎಂದರ್ಥ.

ಇದರ ಜೊತೆಗೆ ಬ್ರೇಕ್ ಆಯಿಲಿನ ಸ್ವಭಾವವೊಂದಿದೆ. ಹೆಸರು ಆಯಿಲಾದರೂ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ಎಂದು ಬರೆದಿರುವ ಹೊಸ ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಅದರ ಮಾನದಂಡವೇ 140 ಡಿಗ್ರಿಗೆ ಇಳಿಯುತ್ತದೆ. ಬಿಸಿಯಾದ ಚಕ್ರದ ಬಳಿ ಅದು ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿದರೆ ಬಲ ಮುಂದಕ್ಕೆ ಹೋಗುತ್ತದೆ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೆ. ಪೆಡಲು ನೆಲಕ್ಕೆ ತಾಗಿದರೂ ಕಾರು ನಿಲ್ಲುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಪೂರ್ತಿ ಬದಲಿಸಬೇಕೆಂಬುದು ವಾಡಿಕೆ. ಕಕ್ಕಡ ಮಾಸದಲ್ಲಿ ಗೋಡೆಯೂ ಬೆವರುವ ನಮ್ಮ ಜಿಲ್ಲೆಯಲ್ಲಿ ಅದನ್ನು ಮುಂದೂಡಬಾರದು. ಖರ್ಚು ಕೆಲವು ನೂರು ರೂಪಾಯಿಗಳು.

ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ನಿಲ್ಲಿಸುವ ಒಂದು ಚಾಳಿ ನಮ್ಮವರಲ್ಲಿ ಇನ್ನೂ ಇದೆ. ಇಂಜಿನ್ ನಿಂತರೆ ಬ್ರೇಕಿನ ಬೂಸ್ಟರಿಗೆ ಬಲವಿಲ್ಲ. ಒಂದೆರಡು ಸಲ ಒತ್ತುವಷ್ಟರಲ್ಲಿ ಉಳಿದದ್ದೂ ತೀರಿ ಪೆಡಲು ಕಲ್ಲಿನಂತಾಗುತ್ತದೆ. ಕೀಲಿ ತೆಗೆದರೆ ಸ್ಟಿಯರಿಂಗೂ ಬಿಗಿದುಕೊಂಡೀತು. ಇಷ್ಟು ಮಾಡಿ ಉಳಿಸುವುದಾದರೂ ಏನು? ಇಂದಿನ ಇಂಜೆಕ್ಷನ್ ಇಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲನ್ನು ತಾವೇ ಕಡಿದುಬಿಡುತ್ತವೆ. ನ್ಯೂಟ್ರಲಿನಲ್ಲಿಯೇ ಅವು ಸ್ವಲ್ಪ ಕುಡಿಯುವುದು. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಲಾರಿ ಚಾಲಕರ ಹಳೆಯ ಮಾತು ಕಾರಿಗೂ ಸಲ್ಲುತ್ತದೆ. ಕಿರಿದಾದ ಘಟ್ಟದ ರಸ್ತೆಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕೆಂಬುದು ರಸ್ತೆಯ ನಿಯಮದಲ್ಲಿಯೇ ಬರೆದಿರುವ ಸಂಗತಿ. ದಾರಿ ಬಿಡಬೇಕಾದರೆ ಮೊದಲು ನಿಲ್ಲಲು ಬರಬೇಕಷ್ಟೆ.

ಮಳೆಗಾಲದ ಉಪಚಾರ ಬೇರೆ. ನಾಲ್ಕು ದಿನ ನಿಂತ ಕಾರಿನ ಡಿಸ್ಕಿನ ಮೇಲೆ ತುಕ್ಕಿನ ತೆಳು ಪೊರೆ ಕಟ್ಟುತ್ತದೆ. ಮೊದಲ ಕೆಲವು ಬಾರಿ ಬ್ರೇಕ್ ಹಾಕಿದಾಗ ಕರಕರ ಸದ್ದಾಗಿ ಅದು ಹೋಗುತ್ತದೆ, ಹೆದರಬೇಕಾಗಿಲ್ಲ. ವಾರಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ತೇವಕ್ಕೆ ಶೂ ಡ್ರಮ್ಮಿಗೆ ಅಂಟಿಕೊಳ್ಳುವುದುಂಟು. ಸಮತಟ್ಟಾದ ಕೊಟ್ಟಿಗೆಯಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದೇ ಲೇಸು. ರಸ್ತೆಯ ಮೇಲೆ ಹರಿಯುವ ನೀರಿನಲ್ಲಿ ಹಾದ ಮೇಲೆ ಕೆಲವು ಗಜಗಳ ದೂರ ಪೆಡಲನ್ನು ಮೆಲ್ಲಗೆ ಒತ್ತುತ್ತ ಹೋದರೆ ಲೈನರ್ ಒಣಗುತ್ತದೆ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಮಾಡಬೇಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿ ವಾರಗಟ್ಟಲೆ ಸಂಚಾರ ನಿಂತಿತ್ತು. ಅಂಥ ದಿನಗಳಲ್ಲಿ ಯಾವ ಬ್ರೇಕಿನ ಮಾತೂ ಇಲ್ಲ, ಮನೆಯಲ್ಲಿರುವುದೇ ಉಪಾಯ.

ಕಾರು ಮಾರುವವರಿಗೂ ಒಂದು ಮಾತು ಹೇಳಬೇಕಾಗಿದೆ. ನನ್ನ ಮಾರುತಿಯನ್ನು 2019ರಲ್ಲಿ ಮಾರುವಾಗ ಇಬ್ಬರು ಬಂದಿದ್ದರು. ಮೊದಲನೆಯವರು ದಲ್ಲಾಳಿ, ಐದು ಸಾವಿರ ಹೆಚ್ಚು ಕೊಡಲು ಸಿದ್ಧ, ಆದರೆ ಹೆಸರು ಬದಲಾವಣೆಯ 29 ಮತ್ತು 30ನೆಯ ಫಾರಂಗಳಿಗೆ ನಾನು ಬರಿದೆ ಸಹಿ ಹಾಕಿಕೊಡಬೇಕು, ಮುಂದಿನ ಗಿರಾಕಿಯ ಹೆಸರನ್ನು ಅವರು ಆಮೇಲೆ ತುಂಬಿಕೊಳ್ಳುತ್ತಾರೆ. ಈ ಪದ್ಧತಿ ಎಲ್ಲ ಕಡೆ ಇದೆ. ನಾನು ಒಪ್ಪಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2018ರ ಫೆಬ್ರವರಿಯಲ್ಲಿ, ಸರ್ವೋಚ್ಚ ನ್ಯಾಯಾಲಯ ಒಂದು ಅಪಘಾತದ ಪ್ರಕರಣದಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿತ್ತು. ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿದ್ದರೂ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು. ನಾನು ಮಾರಿದ ಕಾರು ಯಾವ ಊರಿನ ಯಾವ ತಿರುವಿನಲ್ಲಿ ಯಾರಿಗೆ ತಗುಲಿದರೂ ಸಮನ್ಸು ನನ್ನ ಮನೆಗೆ ಬರುತ್ತದೆ. ಎರಡನೆಯವರು ಕಾಫಿ ತೋಟದ ರೈಟರು, ಮಡಿಕೇರಿಯ ಆರ್.ಟಿ.ಓ. ಕಚೇರಿಗೆ ನನ್ನೊಡನೆ ಬಂದು ಅರ್ಜಿ ಸಲ್ಲಿಸಿದರು. ಐದು ಸಾವಿರ ಕಡಿಮೆ ಬಂತು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು ಹದಿನಾಲ್ಕು ದಿನಗಳೊಳಗೆ, ಕೊಂಡವನು ಮೂವತ್ತು ದಿನಗಳೊಳಗೆ ಕಚೇರಿಗೆ ತಿಳಿಸಬೇಕೆಂಬುದು ಕಾನೂನು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನಿಗೆ ಹದಿನಾಲ್ಕು ದಿನ. ಸಾಲದ ಮೇಲೆ ಕೊಂಡ ಕಾರಾಗಿದ್ದರೆ ಬ್ಯಾಂಕಿನ ಹೆಸರು ಆರ್.ಸಿ.ಯಿಂದ ತೆಗೆದಿದೆಯೇ ಎಂದೂ ನೋಡಬೇಕು. ಇವೆಲ್ಲವನ್ನೂ ಈಗ ಪರಿವಾಹನ್ ಎಂಬ ಸರ್ಕಾರಿ ತಾಣದಲ್ಲಿ ಮನೆಯಿಂದಲೇ ಪರಿಶೀಲಿಸಬಹುದು, ಬಾಕಿ ದಂಡಗಳು ಸಹಿತ.

ನೋಂದಣಿಯ ಹದಿನೈದನೆಯ ವರ್ಷವೂ ಬೆಲೆಯನ್ನು ಕಡಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ದಾಟಿದವುಗಳಿಗೆ 2025ರಲ್ಲಿ ಮತ್ತಷ್ಟು ಏರಿದೆ. ಆದುದರಿಂದ ಹದಿಮೂರು, ಹದಿನಾಲ್ಕು ವರ್ಷದ ಕಾರನ್ನು ಕೊಳ್ಳುವವರು ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತನಾಡಬೇಕು.

ನನ್ನ ಸೊಸೆ ಆ ಕಾರನ್ನು ಓಡಿಸಿ ಈಗ ಎರಡು ವರ್ಷ ದಾಟಿದೆ. ನೋಟುಪುಸ್ತಕವನ್ನು ಅವಳೂ ಮುಂದುವರಿಸಿದ್ದಾಳೆ. ಬ್ಯಾಂಕಿನವರ ಅಕ್ಷರ ಮುಗಿದ ಪುಟದಿಂದ ಅವಳ ಅಕ್ಷರ ಶುರುವಾಗುತ್ತದೆ. ಮಳೆಗೆ ಮೊದಲು ಮೇ ತಿಂಗಳ ಕೊನೆಯಲ್ಲಿ ಒಮ್ಮೆ, ಮಳೆಯ ನಂತರ ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಕಡೆ ವಾಹನಗಳ ಸಾಲು ಹೊರಡುವ ಮೊದಲು ಒಮ್ಮೆ, ನಾಲ್ಕೂ ಚಕ್ರ ಬಿಚ್ಚಿಸಿ ಬ್ರೇಕು ನೋಡಿಸುತ್ತಾಳೆ. ಘಟ್ಟದ ಓಡಾಟಕ್ಕೆ ಮುಂದಿನ ಪ್ಯಾಡುಗಳು ಬಯಲಿನ ಕಾರುಗಳಿಗಿಂತ ಬೇಗ ಸವೆಯುತ್ತವೆ; ಎರಡು ಜೊತೆ ಆಗಲೇ ಬದಲಾಗಿವೆ. ಬೇರೆ ದೊಡ್ಡ ಖರ್ಚು ಬಂದಿಲ್ಲ.

ಈಗ ಅವಳಿಗೆ ಮಡಿಕೇರಿಗೇ ವರ್ಗವಾಗಿದೆ, ಕಾರು ಮಾರುವ ಯೋಚನೆಯಲ್ಲಿದ್ದಾಳೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದು ಹೊಸ ಕಾರುಗಳೇ ಅಗ್ಗವಾದುದರಿಂದ, ಹಳೆಯವುಗಳನ್ನು ಕೇಳುವವರೂ ಬಿಗಿಯಾಗಿ ಕೇಳುತ್ತಿದ್ದಾರೆ. ಇದುವರೆಗೆ ಮೂವರು ಬಂದು ನೋಡಿದರು. ಮೊದಲನೆಯವರು ಬಂಪರಿನ ಗೀರಿಗೆ ಎಂಟು ಸಾವಿರ ಕಳೆಯಬೇಕೆಂದರು. ಎರಡನೆಯವರು ಹಾಡಿನ ಪೆಟ್ಟಿಗೆ ಇಲ್ಲವೆಂದು ಹೊರಟುಹೋದರು. ಮೂರನೆಯವರು ಭಾಗಮಂಡಲದ ಕಡೆಯ ಒಬ್ಬ ದಾದಿ. ನೋಟುಪುಸ್ತಕವನ್ನು ಕೇಳಿ ಪಡೆದು ಜಗುಲಿಯಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿದರು. ಅವರಿಗೇ ಕೊಡಬೇಕೆಂದು ಸೊಸೆಯ ಮನಸ್ಸು. ಬೆಲೆಯಲ್ಲಿ ಇನ್ನೂ ಹತ್ತು ಸಾವಿರದ ಅಂತರವಿದೆ.